ನಡಿಗೆಗೆ ಎಷ್ಟು ಹೆಸರು?

ಇಂಗ್ಲಿಷ್ ಕಲಿಸುವ ಪುಸ್ತಕಗಳಲ್ಲಿ, ಪರೀಕ್ಷೆ ಗೈಡುಗಳಲ್ಲಿ, ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಗೋಡೆ ಮೇಲೆ ಒಂದು ಪಟ್ಟಿ ಕಾಯಂ ಇರ್ತದೆ. ಮೇಲೆ ದಪ್ಪ ಅಕ್ಷರದಲ್ಲಿ ‘ವಾಕ್’ ಅಂತ ಬರೆದು, ಅದರ ಕೆಳಗೆ ಸ್ಟ್ರೋಲ್, ಆಂಬಲ್, ಸಾಂಟರ್, ವಾಂಡರ್, ರ‍್ಯಾಂಬಲ್, ಸ್ಟ್ರೈಡ್, ಮಾರ್ಚ್, ಟ್ರಡ್ಜ್, ಪ್ಲಾಡ್, ಶಫಲ್, ಲಿಂಪ್, ಸ್ಟ್ಯಾಗರ್, ಟಿಪ್‌ಟೋ, ಟ್ರೆಕ್ ಅಂತ 14 ಪದ ಸಾಲಾಗಿ. ಪಕ್ಕದಲ್ಲಿ ಕನ್ನಡದ ಅರ್ಥ: ನಿಧಾನವಾಗಿ ನಡೆ, ಆರಾಮವಾಗಿ ನಡೆ, ಗುರಿಯಿಲ್ಲದೆ ನಡೆ, ಕಷ್ಟಪಟ್ಟು ನಡೆ, ಮತ್ತೆ ನಿಧಾನವಾಗಿ ನಡೆ. ಎಡಗಡೆ 14 ಜನ ಬಂದು ನಿಂತಿದ್ದಾರೆ. ಬಲಗಡೆ ಒಬ್ಬನೇ ಟೋಪಿ ಬದಲಾಯಿಸಿಕೊಂಡು 14 ಸಲ ಬಂದು ಹೋಗಿದ್ದಾನೆ.

ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿ ಶಾಲೆಯಿಂದ ಪಿಯುಸಿಗೆ, ಅಲ್ಲಿಂದ ಬಿಇಗೆ ಅಂತ ಹತ್ತಿ ಬಂದ ನಮ್ಮಂಥವರೆಲ್ಲ ಇಂಥ ಪಟ್ಟಿಗಳನ್ನು ಬಾಯಿಪಾಠ ಮಾಡಿದವರೇ. ಪದ ನೆನಪಿದ್ದವೋ ಹೋದವೋ, ಪಟ್ಟಿ ಬಾಯಿಬಿಟ್ಟು ಹೇಳದ ಒಂದು ಮಾತು ಮಾತ್ರ ಎಷ್ಟೋ ಮಕ್ಕಳ ತಲೆಯಲ್ಲಿ ಕೂತುಬಿಡ್ತದೆ. ಇಂಗ್ಲಿಷ್ ಸಾಹುಕಾರ, ಕನ್ನಡ ಬಡವ, ಅದರೊಳಗೂ ನಮ್ಮ ಕಲಬುರಗಿ ಕಡೆಯ ಕನ್ನಡ ಕಡುಬಡವ ಅನ್ನೋ ಮಾತು ಅದು. ಕಾದಂಬರಿಗೆ, ಸಿನಿಮಾಕ್ಕೆ, ನಾಟಕಕ್ಕೆ ವಿಮರ್ಶೆ ಬರೀತೀವಿ. ಇಷ್ಟು ಮಕ್ಕಳು ಓದುವ ಈ ಪಟ್ಟಿಗೂ ಒಂದು ವಿಮರ್ಶೆ ಇರಲಿ ಅಂತ ಈ ಬರಹ.

ಮೊದಲು ನ್ಯಾಯವಾಗಿ ಪಟ್ಟಿಯ ಪರ ಮಾತಾಡೋಣ. ಅದು ಸುಳ್ಳು ಹೇಳ್ತಿಲ್ಲ. ಇಂಗ್ಲಿಷಿನಲ್ಲಿ ಕಾಲಿನ ಕೆಲಸಕ್ಕೆ ಕ್ರಿಯಾಪದಗಳು ನಿಜವಾಗಲೂ ರಾಶಿ ಇವೆ. ಬೆತ್ ಲೆವಿನ್ ಎಂಬ ಭಾಷಾವಿಜ್ಞಾನಿ 1993ರಲ್ಲಿ ಇಂಗ್ಲಿಷ್ ಕ್ರಿಯಾಪದಗಳನ್ನು ಗುಂಪು ಮಾಡಿ ಒಂದು ದೊಡ್ಡ ಪುಸ್ತಕ ತಂದರು. ಅದರಲ್ಲಿ ಓಡು-ನಡೆ ಜಾತಿಯ ಒಂದೇ ಗುಂಪಿನಲ್ಲಿ ನೂರಕ್ಕೂ ಹೆಚ್ಚು ಕ್ರಿಯಾಪದಗಳಿವೆ. ಆ ಲೆಕ್ಕದಲ್ಲಿ ಕನ್ನಡ ಹಿಂದೆಯೇ. ನಡೆ, ಓಡು, ಕುಂಟು, ತೆವಳು, ಅಲೆ, ಸುತ್ತು, ಸುಳಿ, ಎಡವು, ಮುಗ್ಗರಿಸು, ತೂರಾಡು, ಅಡ್ಡಾಡು, ತಿರುಗಾಡು, ನುಸುಳು, ನುಗ್ಗು, ಹಾಯು ಅಂತ ಬೆರಳು ಮಡಚುತ್ತ ಹೋದರೂ ನೂರು ಮುಟ್ಟೋದು ಕಷ್ಟ.

ತಪ್ಪಿರೋದು ಎಣಿಕೆಯಲ್ಲಿ ಅಲ್ಲ, ಎಣಿಸಲು ಆರಿಸಿಕೊಂಡ ಜಾಗದಲ್ಲಿ. ಕಾಳು ಇಟ್ಟಿರೋದು ಹಗೇವಿನಲ್ಲಿ, ಡಬ್ಬಿ ತೆಗೆದು ನೋಡಿ ‘ಮನ್ಯಾಗ ಏನೂ ಇಲ್ಲ’ ಅಂದ ಹಾಗೆ.

ಇದನ್ನು ಸರಿಯಾಗಿ ಬಿಡಿಸಿ ಹೇಳಿದವರು ಲೆನರ್ಡ್ ಟಾಲ್ಮಿ. 1985ರ ಒಂದು ಲೇಖನದಲ್ಲಿ ಅವರು ಹೇಳಿದ್ದರ ತಿರುಳು ಇಷ್ಟು. ಚಲನೆ ಅಂದರೆ ಎರಡು ಸಂಗತಿ ಇರ್ತವೆ: ಎಲ್ಲಿಗೆ ಹೋದ ಅನ್ನೋ ದಾರಿ, ಹೆಂಗೆ ಹೋದ ಅನ್ನೋ ರೀತಿ. ಇಂಗ್ಲಿಷ್ ರೀತಿಯನ್ನು ಕ್ರಿಯಾಪದದ ಹೊಟ್ಟೆಯೊಳಗೆ ತುಂಬ್ತದೆ, ದಾರಿಯನ್ನು ಇನ್, ಔಟ್, ಅಪ್, ಅಕ್ರಾಸ್ ಅನ್ನೋ ಚಿಲ್ಲರೆ ಪದಗಳಿಗೆ ಬಿಡ್ತದೆ. ಸ್ಪ್ಯಾನಿಷಿನಂಥ ಭಾಷೆಗಳು ತದ್ವಿರುದ್ಧ. ಅವು ದಾರಿಯನ್ನು ಕ್ರಿಯಾಪದದಲ್ಲಿ ಇಟ್ಟು, ರೀತಿಯನ್ನು ಬೇಕಾದರೆ ಹೊರಗೆ ಕಟ್ಟಿಕೊಳ್ತವೆ. ನಮ್ಮ ಕನ್ನಡದ ಸ್ವಭಾವವೂ ಈ ಎರಡನೆಯದಕ್ಕೇ ಹತ್ತಿರ.

‘ಹೀ ಲಿಂಪ್ಡ್ ಇಂಟು ದ ರೂಮ್’ ಅಂತ ಇಂಗ್ಲಿಷ್ ಹೇಳ್ತದೆ. ಕನ್ನಡದಲ್ಲಿ ‘ಆತ ಕುಂಟಕೋತ ಒಳಗ ಬಂದ’. ಇಲ್ಲಿ ಕುಂಟುವುದು ಮುಂದೆ ನಿಂತಿದೆ, ವಾಕ್ಯ ಮುಗಿಸೋದು ‘ಬಂದ’. ಈಗ ಒಂದು ಚಿಕ್ಕ ಪ್ರಶ್ನೆ. ಹೇಳ್ತಿರೋನು ಕೋಣೆಯ ಒಳಗಿದ್ದನೋ ಹೊರಗಿದ್ದನೋ? ಇಂಗ್ಲಿಷ್ ವಾಕ್ಯದಿಂದ ಗೊತ್ತಾಗಲ್ಲ. ಕನ್ನಡದಲ್ಲಿ ‘ಬಂದ’ ಅಂದರೆ ಒಳಗಿದ್ದ, ‘ಹೋದ’ ಅಂದರೆ ಹೊರಗಿದ್ದ. ಕುಂಟಿದನೋ ಇಲ್ಲವೋ ಹೇಳದೆ ಇರಬಹುದು, ಎತ್ತ ಕಡೆಯಿಂದ ನೋಡ್ತಿದ್ದೀಯ ಅನ್ನೋದನ್ನ ಹೇಳದೆ ಇರೋಕೆ ಕನ್ನಡ ಬಿಡಲ್ಲ. ಪಟ್ಟಿಯಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ.

*

ಹಾಗಾದರೆ ನಡಿಗೆಯ ರೀತಿಯನ್ನು ನಾವು ಎಲ್ಲಿ ಇಟ್ಟಿದ್ದೀವಿ? ಕ್ರಿಯಾಪದದ ಮುಂದಿನ ಜಾಗದಲ್ಲಿ. ಆ ಜಾಗದಲ್ಲಿ ಮೂರು ಥರದ ಸಾಮಾನು ಕೂರ್ತದೆ.

ಒಂದು, ಶಾಲೆಯ ವ್ಯಾಕರಣದಲ್ಲಿ ಅನುಕರಣಾವ್ಯಯ ಅಂತ ಓದಿ ಎರಡು ಅಂಕ ತಗೊಂಡು ಮರೆತ ಪದಗಳು. ದಡದಡ ಮೆಟ್ಟಲ ಹತ್ತಿದ. ಬಿರಬಿರ ಹೋದಳು. ಸರಸರ ಸರಿದುಹೋಯಿತು. ಕೂಸು ಪುಟುಪುಟು ಹೆಜ್ಜಿ ಇಟ್ಟಿತು. ದಡದಡದಲ್ಲಿ ಭಾರ ಇದೆ, ಸಪ್ಪಳ ಇದೆ, ಸ್ವಲ್ಪ ಸಿಟ್ಟೂ ಇರಬಹುದು. ಬಿರಬಿರದಲ್ಲಿ ಸಪ್ಪಳ ಇಲ್ಲ, ಯಾರನ್ನೂ ಮಾತಾಡಿಸದೆ ಹೋಗುವ ಅವಸರ ಇದೆ. ಪುಟುಪುಟು ಅಂದರೆ ಕಾಲಿನ ಅಳತೆಯೇ ಕಣ್ಣಿಗೆ ಬರ್ತದೆ. ಇವು ಇಂಗ್ಲಿಷಿನ ಸ್ಟಾಂಪ್, ಸ್ಕರಿ, ಟಾಡಲ್‌ಗಳು ಮಾಡುವ ಕೆಲಸವನ್ನೇ ಮಾಡ್ತವೆ. ಇಂಥ ಜೋಡಿಪದಗಳು ದ್ರಾವಿಡ ಭಾಷೆಗಳಲ್ಲಿ ಮಾತ್ರ ಅಲ್ಲ, ಇಡೀ ಭಾರತದ ಭಾಷೆಗಳಲ್ಲಿ ಹಂಚಿಕೊಂಡಿವೆ ಅಂತ ಮರ‍್ರೆ ಎಮಿನೋ 1969ರಲ್ಲೇ ಬರೆದರು. ಅಂದರೆ ಇದು ಹಳ್ಳಿಗರ ಬಾಯಿಚಪಲ ಅಲ್ಲ, ಒಂದು ಉಪಖಂಡ ಮಾತಾಡುವ ಕ್ರಮ.

ಎರಡು, ಕಾಲು ಮತ್ತು ಹೆಜ್ಜೆಯ ಮೇಲೆ ಕಟ್ಟಿದ ಪದಗಳು. ದಾಪುಗಾಲು, ತುದಿಗಾಲು, ಅಂಬೆಗಾಲು, ನಾಗಾಲೋಟ, ಕಳ್ಳಹೆಜ್ಜೆ, ಆಮೆನಡಿಗೆ. ಸ್ಟ್ರೈಡ್ ಪದದ ಮುಂದೆ ‘ದೊಡ್ಡ ಹೆಜ್ಜೆ ಇಟ್ಟು ನಡೆ’ ಅಂತ ಬರೆದ ಪಟ್ಟಿಕಾರನಿಗೆ ದಾಪುಗಾಲು ಯಾಕೆ ನೆನಪಾಗಲಿಲ್ಲವೋ! ಕ್ರಿಯಾಪದದ ಎದುರಿಗೆ ಕ್ರಿಯಾಪದವನ್ನೇ ಇಡಬೇಕು ಅನ್ನೋ ನೇಮ ಅವನ ಕೈ ಕಟ್ಟಿರಬೇಕು.

ಮೂರನೆಯದು ನಮ್ಮ ಕಡೆಯ ‘ಕೋತ’. ಬರವಣಿಗೆಯಲ್ಲಿ ‘ಉತ್ತಾ’ ಅಂತ ಬರೀತೀವಲ್ಲ, ಅದರ ಅಣ್ಣ. ಕಾಲು ಎಳಕೋತ, ತೂರ್ಯಾಡಕೋತ, ತಡವರಿಸಕೋತ ಅನ್ನೋವು ಸರಿ, ಅವು ಕಾಲಿನವು. ಆದರೆ ಹಾಡಕೋತ ಹೋದ, ಅಳಕೋತ ಬಂದಳು, ಬೈಕೋತ ಹೊಂಟ, ಗೊಣಗಕೋತ ನಡದ ಅಂತಲೂ ಆಗ್ತದೆ. ಯಾವ ಕ್ರಿಯಾಪದವನ್ನಾದರೂ ತಂದು ಈ ಖಾಲಿ ಜಾಗದಲ್ಲಿ ಕೂಡಿಸಿದರೆ ಒಂದು ನಡಿಗೆ ತಯಾರು. ನಮ್ಮ ಸಾಫ್ಟ್‌ವೇರ್ ಮಾತಿನಲ್ಲಿ ಹೇಳೋದಾದರೆ, ಇಂಗ್ಲಿಷ್ ಪ್ರತಿಯೊಂದು ನಡಿಗೆಗೂ ಒಂದೊಂದು ಹೆಸರಿನ ಫಂಕ್ಷನ್ ಬರೆದಿಟ್ಟಿದೆ. ಕನ್ನಡ ಒಂದೇ ಫಂಕ್ಷನ್ ಬರೆದು, ಅದಕ್ಕೆ ಕೊಡುವ ಆರ್ಗ್ಯುಮೆಂಟ್ ಬದಲಾಯಿಸ್ತದೆ. ಮೊದಲನೆಯದರಲ್ಲಿ ಫಂಕ್ಷನ್ ಎಣಿಸಿ ‘ನೂರು’ ಅನ್ನಬಹುದು. ಎರಡನೆಯದರಲ್ಲಿ ಎಣಿಸಿದರೆ ಒಂದೇ ಸಿಗ್ತದೆ. ಯಾವುದರಿಂದ ಹೆಚ್ಚು ಕೆಲಸ ಆಗ್ತದೆ ಅನ್ನೋದು ಆ ಎಣಿಕೆಯಿಂದ ತಿಳಿಯಲ್ಲ.

ಪಟ್ಟಿಯ ಇದೇ ಕುರುಡು ಕಂಪ್ಯೂಟರಿನೊಳಗೂ ಹೋಗಿ ಕೂತಿದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಮಿಲ್ಲರ್ 1985ರಲ್ಲಿ ಶುರುಮಾಡಿದ ವರ್ಡ್‌ನೆಟ್ ಅನ್ನೋ ಪದಜಾಲ ಇದೆ. ಯಂತ್ರಕ್ಕೆ ಭಾಷೆ ಕಲಿಸುವ ಕೆಲಸದಲ್ಲಿ ಎಷ್ಟೋ ವರ್ಷ ಅದೇ ಪಂಚಾಂಗ. ಅದರಲ್ಲಿ ಪದಗಳಿಗೆ ನಾಲ್ಕೇ ಕಪಾಟು: ನಾಮಪದ, ಕ್ರಿಯಾಪದ, ಗುಣವಾಚಕ, ಕ್ರಿಯಾವಿಶೇಷಣ. ಸ್ಟ್ರೋಲ್ ಅಂದರೆ ಒಂದು ರೀತಿಯ ವಾಕ್ ಅಂತ ಹೇಳುವ ಕೊಂಡಿ ಕ್ರಿಯಾಪದಗಳ ಕಪಾಟಿನಲ್ಲಿ ಇದೆ. ಕ್ರಿಯಾವಿಶೇಷಣಗಳ ಕಪಾಟಿನಲ್ಲಿ ಅಂಥ ಏಣಿ ಇಲ್ಲ. ನಮ್ಮ ದಡದಡ, ಬಿರಬಿರಗಳು ಹೋಗಿ ಬೀಳೋದು ಆ ಏಣಿ ಇಲ್ಲದ ಕಪಾಟಿಗೆ. ಭಾರತೀಯ ಭಾಷೆಗಳ ಇಂಡೋವರ್ಡ್‌ನೆಟ್ ಕಟ್ಟುವಾಗ ಹಿಂದಿಯನ್ನು ಬುನಾದಿ ಮಾಡಿಕೊಂಡು, ಅಲ್ಲಿನ ಒಂದೊಂದು ಅರ್ಥಕ್ಕೆ ಬೇರೆ ಭಾಷೆಗಳ ಪದ ತುಂಬುವ ಕ್ರಮ ಹಿಡಿದರು. ದೊಡ್ಡ ಕೆಲಸ, ಅದಕ್ಕೆ ಕೈ ಮುಗೀಬೇಕು. ಆದರೆ ಅಲ್ಲಿ ಮೊದಲೇ ಮನೆ ಇಲ್ಲದ ಅರ್ಥಕ್ಕೆ ಕನ್ನಡ ಹೋಗಿ ಬಾಗಿಲು ಬಡಿಯೋದು ಹೆಂಗೆ? ಶ್ರೀಮಂತಿಕೆ ಇರುವ ಜಾಗವನ್ನೇ ಲೆಕ್ಕದಿಂದ ಬಿಟ್ಟರೆ ಬಡತನ ತಾನಾಗಿ ಸಾಬೀತಾಗ್ತದೆ.

*

ಇಷ್ಟಾದ ಮೇಲೆ ‘ನೋಡ್ರಿ, ನಮ್ಮದೇ ಮೇಲು’ ಅಂತ ಎದೆ ತಟ್ಟಿಕೊಳ್ಳುವ ಇನ್ನೊಂದು ಪಂಥ ಇದೆ. ಅದೂ ನನಗೆ ಒಪ್ಪಿಗೆ ಇಲ್ಲ. ಎಸ್ಕಿಮೋಗಳಿಗೆ ಹಿಮಕ್ಕೆ ನೂರಾರು ಪದ ಅನ್ನೋ ಕತೆ ಎಲ್ಲ ಕಡೆ ಓಡಾಡ್ತದೆ. ಅದು ಬಾಯಿಂದ ಬಾಯಿಗೆ ಉಬ್ಬಿದ ಕತೆ ಅಂತ ಲಾರಾ ಮಾರ್ಟಿನ್ 1986ರಲ್ಲಿ ತೋರಿಸಿದರು. ಪದಗಳ ತಲೆ ಎಣಿಸಿ ಭಾಷೆಗೆ ರ‍್ಯಾಂಕ್ ಕೊಡುವ ಆಟವೇ ಹಾಳು, ಅದರಲ್ಲಿ ನಾವು ಗೆದ್ದರೂ ಹಾಳೇ.

ಇಂಗ್ಲಿಷಿನ ಕ್ರಮದಲ್ಲಿ ಒಂದು ನಿಜವಾದ ಅನುಕೂಲ ಇದೆ, ಅದು ಗೊತ್ತಾಗೋದು ಅನುವಾದ ಮಾಡುವಾಗ. ‘ದ ಓಲ್ಡ್ ಮ್ಯಾನ್ ಶಫಲ್ಡ್ ಟು ದ ಡೋರ್’ ಅನ್ನೋ ವಾಕ್ಯ ತಗೊಳ್ಳಿ. ಕನ್ನಡದಲ್ಲಿ ‘ಮುದುಕ ಕಾಲು ಎಳೆದುಕೊಂಡು ಬಾಗಿಲ ತನಕ ಹೋದ’. ಅರ್ಥ ಪೂರ್ತಿ ಬಂತು. ಆದರೆ ಇಂಗ್ಲಿಷಿನಲ್ಲಿ ಶಫಲ್ ಅನ್ನೋದು ಹೋಗ್ತಾ ಹೋಗ್ತಾ ಹೇಳಿ ಮುಗಿಸಿದ ಮಾತು, ಅದಕ್ಕೆ ಬೇರೆ ಖರ್ಚಿಲ್ಲ. ಕನ್ನಡದಲ್ಲಿ ‘ಕಾಲು ಎಳೆದುಕೊಂಡು’ ಅಂದ ಕೂಡಲೇ ಓದುವವನ ಕಣ್ಣು ಕಾಲಿನ ಮೇಲೆ ಹೋಗ್ತದೆ: ಏನಾಗಿದೆ ಮುದುಕನಿಗೆ? ಇಂಗ್ಲಿಷ್ ಕಾದಂಬರಿಯ ಒಂದು ಪುಟದಲ್ಲಿ ಇಂಥವು ಐದಾರು ಇದ್ದು ಐದಾರನ್ನೂ ನಿಷ್ಠೆಯಿಂದ ಕನ್ನಡಕ್ಕೆ ತಂದರೆ, ಪಾತ್ರಗಳೆಲ್ಲ ಬಯಲಾಟದ ವೇಷ ಹಾಕಿಕೊಂಡು ಓಡಾಡಿದ ಹಾಗೆ ಕಾಣ್ತವೆ.

ಡ್ಯಾನ್ ಸ್ಲೋಬಿನ್ ಅನ್ನೋ ವಿದ್ವಾಂಸರು 1996ರಲ್ಲಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಕಾದಂಬರಿಗಳನ್ನೂ ಅವುಗಳ ಅನುವಾದಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಇಂಗ್ಲಿಷಿನಿಂದ ಹೋಗುವಾಗ ಅನುವಾದಕರು ನಡಿಗೆಯ ರೀತಿಯನ್ನು ಎಷ್ಟೋ ಕಡೆ ಕೈಬಿಟ್ಟಿದ್ದರು. ಇಂಗ್ಲಿಷಿಗೆ ಬರುವಾಗ ಮೂಲದಲ್ಲಿ ಇಲ್ಲದ್ದನ್ನು ಸೇರಿಸಿದ್ದೂ ಇತ್ತು. ಒಳ್ಳೆ ಕನ್ನಡ ಅನುವಾದಕರೂ ಇದನ್ನೇ ಮಾಡ್ತಾರೆ. ಕತೆಗೆ ಬೇಕಾದ ಕಡೆ ಕಾಲು ಎಳೆಸ್ತಾರೆ, ಬೇಡದ ಕಡೆ ಸುಮ್ಮನೆ ‘ಹೋದ’ ಅಂತ ಬಿಡ್ತಾರೆ. ಅದನ್ನು ‘ಮೂಲಕ್ಕೆ ನಿಷ್ಠೆ ಇಲ್ಲ’ ಅಂತ ಬೈಯುವ ವಿಮರ್ಶಕರು ಈ ಲೆಕ್ಕ ಒಮ್ಮೆ ಹಾಕಿ ನೋಡಬೇಕು.

*

ಪಟ್ಟಿಯ ಇನ್ನೊಂದು ಕೊರತೆ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣ್ತದೆ. ಅದು ಇಂಗ್ಲಿಷ್ ಪದಗಳಿಗೂ ಅನ್ಯಾಯ ಮಾಡಿದೆ. 14 ಪದಗಳನ್ನೂ ತೊಳೆದು, ಚರಿತ್ರೆ ಕಳೆದು, ಒಂದೇ ಅಳತೆಯ ಬಾಟಲಿಯಲ್ಲಿ ತುಂಬಿಟ್ಟಿದೆ. ನಡೆಯುವವರು ಯಾರು, ಯಾಕೆ ನಡೆದರು ಅನ್ನೋದು ಎಲ್ಲೂ ಇಲ್ಲ.

ಟ್ರೆಕ್ ಬಂದಿದ್ದು ದಕ್ಷಿಣ ಆಫ್ರಿಕಾದ ಡಚ್ ಮೂಲದವರ ಭಾಷೆಯಿಂದ. ಎತ್ತಿನ ಗಾಡಿ ಕಟ್ಟಿಕೊಂಡು ಮನೆಮಠ ಸಮೇತ ಹೊಸ ನೆಲ ಹುಡುಕಿ ಹೋಗುವ ಪಯಣ ಅದು. ಇವತ್ತು ಬೆಂಗಳೂರಿನ ಐಟಿ ಮಂದಿ ಶನಿವಾರ ಬೆಟ್ಟ ಹತ್ತಿ ಫೋಟೋ ಹಾಕೋದಕ್ಕೆ ಆ ಹೆಸರು. ಕುದುರೆಯ ಕ್ಯಾಂಟರ್ ನಡಿಗೆಗೆ ಹೆಸರು ಬಂದದ್ದು ಕ್ಯಾಂಟರ್‌ಬರಿ ಎಂಬ ಕ್ಷೇತ್ರಕ್ಕೆ ಹೋಗುವ ಯಾತ್ರಿಕರ ಸಾವಕಾಶದ ಸವಾರಿಯಿಂದ. ಸಾಂಟರ್ ಪದ ‘ಪುಣ್ಯಭೂಮಿ’ ಅನ್ನೋ ಫ್ರೆಂಚ್ ಮಾತಿನಿಂದ ಬಂತು, ಅಲ್ಲಿಗೆ ಹೋಗ್ತೀನಿ ಅಂತ ಹೇಳಿಕೊಂಡು ಭಿಕ್ಷೆ ಬೇಡುತ್ತ ಅಲೆದವರೇ ಮೊದಲ ಸಾಂಟರರ್‌ಗಳು ಅಂತ ಹೆನ್ರಿ ಡೇವಿಡ್ ಥೋರೋ 1862ರ ‘ವಾಕಿಂಗ್’ ಪ್ರಬಂಧದಲ್ಲಿ ಬರೆದ. ನಿಘಂಟುಕಾರರು ಆ ವ್ಯುತ್ಪತ್ತಿ ಒಪ್ಪಲ್ಲ. ಒಪ್ಪದಿದ್ದರೂ ಕತೆ ಚೆನ್ನಾಗಿದೆ. ಟ್ರಾಂಪ್ ಅಂದರೆ ಭಾರದ ಹೆಜ್ಜೆಯ ನಡಿಗೆ, ಮನೆಯಿಲ್ಲದೆ ಅಲೆಯುವ ಬಡವನೂ ಟ್ರಾಂಪೇ. ಪೆಡೆಸ್ಟ್ರಿಯನ್ ಅಂದರೆ ಪಾದಚಾರಿ, ಬರವಣಿಗೆಗೆ ಆ ಮಾತು ಅಂದರೆ ಸಪ್ಪೆ, ಕಳಪೆ ಅಂತ. ಕುದುರೆ ಮೇಲಿದ್ದವನು ನೆಲದ ಮೇಲಿನವನಿಗೆ ಇಟ್ಟ ಬೆಲೆ ಅದು.

ನನಗೆ ಎಲ್ಲಕ್ಕಿಂತ ಚುಚ್ಚುವ ಪದ ಜೇವಾಕಿಂಗ್. 20ನೇ ಶತಮಾನದ ಶುರುವಿನಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ರಸ್ತೆಯನ್ನು ಎಲ್ಲೆಂದರಲ್ಲಿ ದಾಟೋದು ಅಂತ ಅರ್ಥ. ಅಲ್ಲಿನ ಆಡುಮಾತಿನಲ್ಲಿ ‘ಜೇ’ ಅಂದರೆ ಪಟ್ಟಣದ ರೀತಿ ಗೊತ್ತಿಲ್ಲದ ಹಳ್ಳಿಮುಕ್ಕ. ಕಾರುಗಳು ಬಂದಾಗ, ಅದುವರೆಗೆ ಎಲ್ಲರದಾಗಿದ್ದ ರಸ್ತೆಯಿಂದ ನಡೆಯುವವರನ್ನು ಬದಿಗೆ ಸರಿಸಬೇಕಿತ್ತು. ಆಗ ‘ನೀನೇನು ಹಳ್ಳಿಗಮಾರನಾ?’ ಅಂತ ನಾಚಿಸುವ ಈ ಬೈಗುಳವನ್ನು ಕಾರಿನ ಕಡೆಯವರು ಚೆನ್ನಾಗಿ ಬಳಸಿಕೊಂಡರು. ಪೀಟರ್ ನಾರ್ಟನ್ 2008ರಲ್ಲಿ ಬರೆದ ‘ಫೈಟಿಂಗ್ ಟ್ರಾಫಿಕ್’ ಪುಸ್ತಕದಲ್ಲಿ ಈ ಚರಿತ್ರೆ ಇದೆ. ಊರಲ್ಲಿ ಹೊಲದ ಬದುವಿನ ಮೇಲೆ ಕತ್ತಲಲ್ಲೂ ಎಡವದೆ ಬರುವವನು ಬೆಂಗಳೂರಿನ ಹೊರವರ್ತುಲ ರಸ್ತೆ ದಾಟುವಾಗ ಕೈ ಎತ್ತಿ ಹೆದರಿ ನಿಲ್ತಾನಲ್ಲ, ಅವನಿಗೆ ಇಂಗ್ಲಿಷಿನಲ್ಲಿ ಒಂದು ಹೆಸರು ನೂರು ವರ್ಷದ ಹಿಂದೆಯೇ ರೆಡಿ ಇತ್ತು. ಇಂಥದನ್ನು ಕಲಿಸಿದರೆ ಮಕ್ಕಳು ಪದವನ್ನೂ ಮರೆಯಲ್ಲ, ಭಾಷೆಗೆ ಹೆದರೋದೂ ಇಲ್ಲ.

*

ಈಗ ಅದೇ ಪ್ರಶ್ನೆಯನ್ನು ನಮ್ಮ ಮೂರು ತಾಲ್ಲೂಕುಗಳಿಗೆ ಕೇಳೋಣ: ಇಲ್ಲಿ ಯಾರು ನಡೀತಾರೆ, ಯಾಕೆ?

ಆಳಂದ ಮತ್ತು ಅಫಜಲಪುರ ಮಹಾರಾಷ್ಟ್ರದ ಗಡಿಗೆ ಹತ್ತಿದವು. ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೋಗೋದಕ್ಕೆ ಇಲ್ಲಿ ‘ವಾರಿ’ ಅಂತಾರೆ, ಹೋಗುವ ತಂಡಕ್ಕೆ ‘ದಿಂಡಿ’. ಎರಡೂ ಮರಾಠಿಯಿಂದ ಬಂದು ಇಲ್ಲೇ ನೆಲೆ ನಿಂತವು. ಪಂಢರಪುರದ ಮುಂದೆ ಹರಿಯುವ ಭೀಮೆಯೇ ಅಫಜಲಪುರ ತಾಲ್ಲೂಕಿಗೆ ಬಂದು, ದೇವಲ ಗಾಣಗಾಪುರದಲ್ಲಿ ಆಳಂದದ ಕಡೆಯಿಂದ ಬರುವ ಅಮರ್ಜೆಯನ್ನು ಕೂಡಿಕೊಂಡು, ಜೇವರ್ಗಿ ಕಡೆ ಇಳೀತಾಳೆ. ಯುಗಾದಿ ಹೊತ್ತಿಗೆ ಶ್ರೀಶೈಲಕ್ಕೆ ಪಾದಯಾತ್ರೆ. ಮಲ್ಲಯ್ಯನ ಕಂಬಿ ಹೊತ್ತು ಹೋಗುವವರು ಕೆಲವರು, ಮರಗಾಲು ಕಟ್ಟಿಕೊಂಡು ಹೋಗುವವರು ಕೆಲವರು. ಗುಡಿ ಮುಂದೆ ದೀಡ ನಮಸ್ಕಾರ ಹಾಕುವವನು ಮಲಗಿ ಎದ್ದು ಮಲಗಿ ಎದ್ದು ತನ್ನ ಮೈಯಿಂದಲೇ ದಾರಿ ಅಳೀತಾನೆ. ಮೊಹರಮ್ಮಿನ ಅಲಾಯಿ ಮುಂದೆ ಹೆಜ್ಜೆ ಹಾಕೋದು ಅಂದರೆ ಕುಣಿಯೋದು. ಗಾಡಿಗಟ್ಟಲೆ ತೆನೆ ಕಣಕ್ಕೆ ಬಂದಾಗ ಮೇಟಿ ಸುತ್ತ ಎತ್ತಿನ ಹಿಂದೆ ಸುತ್ತುವುದಕ್ಕೆ ‘ಹಂತಿ’, ಆ ಸುತ್ತಿನ ಬೇಸರ ಕಳೆಯಲು ಹಂತಿಯ ಹಾಡು. ಬೇಸಿಗೆಯಲ್ಲಿ ನೀರು ಇಳಿದ ಹೊಳೆಯನ್ನು ನಡೆದು ದಾಟೋದಕ್ಕೆ ‘ಹಾಯೋದು’. ಇಷ್ಟರಲ್ಲಿ ವೇಗದ ಮಾತು ಎಲ್ಲೂ ಇಲ್ಲ ನೋಡ್ರಿ. ನಮ್ಮ ಪದಗಳು ನಡಿಗೆಯ ಕಾರಣ ಕೇಳ್ತವೆ.

ದೂರವನ್ನೂ ನಡಿಗೆಯೇ ಅಳೀತಿತ್ತು. ಕೂಗಳತೆ ಅಂದರೆ ಕೂಗಿದರೆ ಕೇಳುವಷ್ಟು. ಹರದಾರಿ ಅಂದರೆ ಸುಮಾರು ಮೂರು ಮೈಲಿ. ಮಜಲು ಅಂದರೆ ಒಂದು ದಿನ ನಡೆದು ತಂಗುವ ಠಿಕಾಣಿ, ಅರಬ್ಬಿಯ ಮಂಜಿಲ್ ಪದ ಕನ್ನಡದಲ್ಲಿ ಹಾಗಾಯಿತು. ಇವತ್ತು ಅಭಿವೃದ್ಧಿಯ ಭಾಷಣದಲ್ಲಿ ‘ಹೊಸ ಮಜಲು’ ಅನ್ನುವವರ ಕಾಲಿಗೆ ದಣಿವಿಲ್ಲ, ಪದಕ್ಕೆ ಇದೆ.

ಮಳೆಗಾಲದ ಎರೆಹೊಲ ಕಂಡವರಿಗೆ ಟ್ರಡ್ಜ್ ಪದ ಯಾರೂ ವಿವರಿಸಬೇಕಿಲ್ಲ. ತೊಗರಿ ಬೆಳೆಯುವ ಆ ಕಪ್ಪುಮಣ್ಣು ನೆನೆದರೆ ರಾಡಿ. ಚಪ್ಪಲಿಗೆ ಮೆತ್ತಿ, ಅದರ ಮೇಲೆ ಮತ್ತೆ ಮೆತ್ತಿ, ಕಾಲು ಎತ್ತಿದರೆ ಅರ್ಧ ಹೊಲ ಜೊತೆಗೆ ಬರ್ತದೆ. ಕಡೆಗೆ ಚಪ್ಪಲಿ ಕೈಯಲ್ಲಿ ಹಿಡಿದು ‘ಕಾಲು ಕಿತ್ತಿಡಕೋತ’ ಬರಬೇಕು. ‘ಕಷ್ಟಪಟ್ಟು ನಡೆ’ ಅನ್ನೋದು ಅರ್ಥ ಆದರೆ, ‘ಕಾಲು ಕಿತ್ತಿಡಕೋತ ಬಂದ್ವಿ’ ಅನ್ನೋದು ಅನುಭವ. ಇದು ಪಟ್ಟಿಯ ಬಲಗಡೆ ಕಾಲಮ್ಮಿಗೆ ಯಾಕೆ ಬರಲಿಲ್ಲ?

ಕಾರಣ ಬರೀ ಪಟ್ಟಿಕಾರನ ಸೋಮಾರಿತನ ಅಲ್ಲ. ನಿಘಂಟುಗಳು ಬೆಳೆಯೋದು ಬರಹದ ಮೇಲೆ. 1894ರ ಕಿಟ್ಟೆಲ್ ನಿಘಂಟು ಕನ್ನಡದ ಪುಣ್ಯ, ಅದರಲ್ಲಿ ಆಡುಮಾತೂ ಗಾದೆಯೂ ಬೇಕಾದಷ್ಟಿವೆ. ಆದರೆ ಕಿಟ್ಟೆಲ್ ಇದ್ದು ಕೆಲಸ ಮಾಡಿದ್ದು ಧಾರವಾಡ, ಮಂಗಳೂರು, ಮಡಿಕೇರಿ ಕಡೆ. ನಮ್ಮ ಸೀಮೆ ಆಗ ನಿಜಾಮನ ರಾಜ್ಯ. 1948ರ ಸೆಪ್ಟೆಂಬರ್ 17ರವರೆಗೆ ಇಲ್ಲಿ ಆಡಳಿತದ ಭಾಷೆ ಉರ್ದು. ಕರ್ನಾಟಕದ ಜೊತೆ ಕೂಡಿದ್ದು 1956ರ ನವೆಂಬರ್ 1ಕ್ಕೆ. ಬಾಯಲ್ಲಿ ತುಂಬಿದ್ದ ಕನ್ನಡ ಕಾಗದಕ್ಕೆ ಬರೋದು ತಡವಾಯಿತು. ಗೀತಾ ನಾಗಭೂಷಣ ಅವರಂಥವರು ಈ ಭಾಷೆಯನ್ನು ಕಾದಂಬರಿಗೆ ತಂದಿದ್ದಕ್ಕೆ, ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದಕ್ಕೆ ಅದಕ್ಕಾಗಿಯೇ ಅಷ್ಟು ಬೆಲೆ.

*

ನಮ್ಮ ಪದಗಳನ್ನು ಹೊಗಳಿದ್ದಾಯಿತು, ಅವುಗಳ ವಿಚಾರಣೆಯೂ ಆಗಲಿ. ಹಳೆಯ ಕಾವ್ಯದಲ್ಲಿ ನಡಿಗೆಗೆ ಚಂದದ ಪದಗಳಿವೆ: ಹಂಸಗಮನೆ, ಗಜಗಮನೆ, ಮಂದಗಮನೆ. ಮೂರೂ ಹೆಂಗಸಿನ ನಡಿಗೆಗೆ, ಮೂರೂ ದೂರದಿಂದ ನಿಂತು ನೋಡುವವನ ಕಣ್ಣಿಗೆ. ತಲೆ ಮೇಲೆ ಎರಡು ಕೊಡ, ಬಗಲಲ್ಲಿ ಒಂದು ಕೊಡ ಹೊತ್ತು ಬರುವವಳ ಹೆಜ್ಜೆಗೆ ಕವಿಗಳು ಹೆಸರಿಡುವ ಗೋಜಿಗೆ ಹೋಗಲಿಲ್ಲ.

ಆಡುಮಾತೂ ಸಾಚಾ ಅಲ್ಲ. ಸಂಜೆ ಹೊತ್ತು ಗಂಡಸು ಬಸ್‌ಸ್ಟ್ಯಾಂಡಿನ ಕಡೆ ಹೊರಟರೆ ‘ಎಲ್ಲಿ ಹೊಂಟ್ರಿ ಕಾಕಾ?’ ಅಂತ ಕೇಳ್ತೀವಿ, ‘ಇಲ್ಲೇ, ಹಿಂಗ ಅಡ್ಡಾಡ್ಲಿಕ್ಕ’ ಅಂತ ಉತ್ತರ ಬರ್ತದೆ. ಅದೇ ಉತ್ತರ ಒಬ್ಬ ಹೆಣ್ಣುಮಗಳು ಕೊಟ್ಟರೆ? ‘ತಿರುಗುವವಳು’ ಅನ್ನೋ ಬೈಗುಳ ಕಾದು ಕೂತಿರ್ತದೆ. ಗಂಡಸಿಗೆ ಅಡ್ಡಾಟ, ಹೆಂಗಸಿಗೆ ತಿರುಗಾಟ. ಹೆಣ್ಣು ಹೊಲಕ್ಕೆ, ನೀರಿಗೆ, ಸಂತೆಗೆ, ಗುಡಿಗೆ ಹೋಗಬಹುದು, ಸುಮ್ಮನೆ ಹೋಗುವಂತಿಲ್ಲ. ಮುಂಬೈಯ ಮೂವರು ಲೇಖಕಿಯರು, ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ, 2011ರಲ್ಲಿ ‘ವೈ ಲಾಯ್ಟರ್?’ ಅಂತ ಪುಸ್ತಕ ಬರೆದು, ಕೆಲಸವಿಲ್ಲದೆ ಬೀದಿಯಲ್ಲಿ ಇರುವ ಹಕ್ಕು ಹೆಂಗಸಿಗೂ ಬೇಕು ಅಂತ ವಾದಿಸಿದರು. ಕಾರಣ ಕೇಳುವ ಭಾಷೆ ಅಂತ ಮೇಲೆ ಹೊಗಳಿದೆನಲ್ಲ, ಅದೇ ಗುಣ ಇಲ್ಲಿ ಪೊಲೀಸ್ ಆಗ್ತದೆ. ಇಂಗ್ಲಿಷಿನ ಸ್ಟ್ರೋಲ್ ಕಾರಣ ಕೇಳಲ್ಲ. ಅದನ್ನು ನಾವು ಕಲಿಯಬೇಕಾದದ್ದು ಪದಕ್ಕಾಗಿ ಅಲ್ಲ, ಆ ಬಿಡುವಿಗಾಗಿ.

ಪದ ಆರಿಸೋದು ಅಂದರೆ ಪಕ್ಷ ಆರಿಸೋದು ಅಂತ ಗೊತ್ತಾಗಲು ಎರಡು ಉದಾಹರಣೆ ಸಾಕು. 1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ಹೊರಟು ಏಪ್ರಿಲ್ ಹೊತ್ತಿಗೆ ದಂಡಿ ಸೇರಿದರು. ಇಂಗ್ಲಿಷ್ ಇದನ್ನು ‘ಸಾಲ್ಟ್ ಮಾರ್ಚ್’ ಅಂತು. ಮಾರ್ಚ್ ಸಿಪಾಯಿಗಳ ನಡಿಗೆ. ನಾವು ‘ದಂಡಿ ಯಾತ್ರೆ’ ಅಂದೆವು, ಯಾತ್ರೆ ಭಕ್ತರ ನಡಿಗೆ. ನಡೆದ ಕಾಲುಗಳು ಅವೇ, ಕಂಡ ಚಿತ್ರ ಬೇರೆ.

ಎರಡನೆಯದು ಹತ್ತಿರದ್ದು. ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ, ಕೊಡದ ವರ್ಷವೂ, ಕೆಲಸ ಹುಡುಕಿ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಹೋಗೋದಕ್ಕೆ ‘ಗುಳೆ’ ಅಂತಾರೆ. ಪಾತ್ರೆ-ಪಗಡ, ಕೂಸು-ಕುನ್ನಿ ಸಮೇತ ಹೋಗೋದು. 2020ರ ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿದ್ದಾಗ ಈ ಗುಳೆ ಹಿಂದಕ್ಕೆ ತಿರುಗಿತು. ಬಸ್ಸಿಲ್ಲ, ರೈಲಿಲ್ಲ, ಹೆದ್ದಾರಿ ಹಿಡಿದು ನಡೆದರು. ಆ ನಡಿಗೆಗೆ ‘ಟ್ರೆಕ್’ ಅನ್ನೋ ಪದ ಇಂಗ್ಲಿಷಿನಲ್ಲಿ ತಪ್ಪಲ್ಲ, ಅದರ ಹಳೆಯ ಅರ್ಥಕ್ಕೆ ಹತ್ತಿರವೇ. ಆದರೆ ಅದೇ ಪದವನ್ನು ಶನಿವಾರದ ಬೆಟ್ಟಕ್ಕೂ ಕೊಟ್ಟ ಮೇಲೆ ಓದುವವನ ಕಿವಿಯಲ್ಲಿ ಏನು ಉಳೀತದೆ? ‘ಕಾಲ್ನಡಿಗೆಯಲ್ಲಿ ಊರಿಗೆ’ ಅಂತ ಕನ್ನಡದಲ್ಲಿ ಹೇಳಿದರೂ ಅಷ್ಟೇ, ಹರಕೆ ಹೊತ್ತವನ ನಡಿಗೆಗೂ ಹಸಿದವನ ನಡಿಗೆಗೂ ಅದೇ ಮಾತು. ಗುಳೆ ಹೋಗೋದಕ್ಕೆ ಪದ ಇದ್ದ ನಮ್ಮಲ್ಲಿ, ಗುಳೆಯಿಂದ ಹಾಗೆ ನಡೆದು ಬಂದದ್ದಕ್ಕೆ ಒಂದು ಪದ ಹುಟ್ಟಬೇಕಿತ್ತು. ಎರಡೂ ಭಾಷೆ ಬಡವಾಗಿದ್ದು ಅಲ್ಲಿ.

*

ಪಟ್ಟಿಯನ್ನು ಹರಿದು ಹಾಕಿ ಅಂತ ನಾನು ಹೇಳ್ತಿಲ್ಲ. ಇಂಗ್ಲಿಷ್ ಬೇಕು, ನನ್ನ ಅನ್ನವೇ ಅದರಲ್ಲಿದೆ. ಕಂಪನಿಯಲ್ಲಿ ಎರಡು ವಾರಕ್ಕೊಂದು ಸ್ಪ್ರಿಂಟ್ ಮಾಡ್ತೀವಿ, ಕೂತ ಕುರ್ಚಿ ಮಾತ್ರ ಅಲ್ಲಾಡಲ್ಲ. ನಾನು ಕೇಳೋದು ಪಟ್ಟಿಯನ್ನು ತಿರುಗಿಸಿ ಕಲಿಸಿ ಅಂತ. ಮೊದಲು ಮಕ್ಕಳಿಂದ ಶುರುವಾಗಲಿ. ನಿಮ್ಮ ಮುತ್ಯಾ ಹೆಂಗ ನಡೀತಾನ? ಕೂಸು? ಕುಡದಂವ? ಪರೀಕ್ಷೆಗೆ ಲೇಟಾದಂವ? ರಾಡಿಯೊಳಗ ನೀ ಹೆಂಗ ಬರ್ತಿ? ಆಳಂದದ ಯಾವುದೇ ಶಾಲೆಯ ಆರನೇ ಕ್ಲಾಸಿನಲ್ಲಿ ಈ ಪ್ರಶ್ನೆ ಕೇಳಿದರೆ ಹತ್ತು ನಿಮಿಷದಲ್ಲಿ ಬೋರ್ಡು ತುಂಬ್ತದೆ. ಆಮೇಲೆ ಕಾಲು ಎಳಕೋತ ಅನ್ನೋದರ ಮುಂದೆ ಶಫಲ್, ಪುಟುಪುಟು ಮುಂದೆ ಟಾಡಲ್, ತೂರ್ಯಾಡಕೋತ ಮುಂದೆ ಸ್ಟ್ಯಾಗರ್, ಕಾಲು ಕಿತ್ತಿಡಕೋತ ಮುಂದೆ ಟ್ರಡ್ಜ್ ಬರೆಯಿರಿ. ಸಾಂಟರ್ ಮುಂದೆ ಖಾಲಿ ಉಳಿದರೆ ಉಳೀಲಿ, ಅದರ ಕತೆ ಹೇಳಿ. ವಾರಿಯ ಮುಂದೆಯೂ ಇಂಗ್ಲಿಷ್ ಕಾಲಮ್ಮು ಖಾಲಿ ಇರ್ತದೆ, ಅದನ್ನೂ ಮಕ್ಕಳು ನೋಡಲಿ.

ಇನ್ನೊಂದು ವಿನಂತಿ ಕನ್ನಡ ಮೇಷ್ಟ್ರುಗಳಿಗೆ. ಪ್ರಬಂಧದಲ್ಲಿ ಹುಡುಗ ‘ಕುಂಟಕೋತ ಬಂದ’ ಅಂತ ಬರೆದರೆ ಕೆಂಪು ಪೆನ್ನಿನಿಂದ ಹೊಡೆದು ಹಾಕಬ್ಯಾಡ್ರಿ. ಪಕ್ಕದಲ್ಲಿ ‘ಕುಂಟುತ್ತಾ’ ಅಂತಲೂ ಬರೆಯಿರಿ, ಪರೀಕ್ಷೆಗೆ ಅದು ಬೇಕಾಗ್ತದೆ. ಎರಡೂ ಅವನ ಹತ್ತಿರ ಇರಲಿ. ಒಂದನ್ನು ಕಸಿದುಕೊಂಡು ಇನ್ನೊಂದನ್ನು ಕೊಟ್ಟರೆ, ಮುಂದೆ ಇಂಗ್ಲಿಷ್ ಪಟ್ಟಿ ಕೈಗೆ ಬಂದಾಗ ಬಲಗಡೆ ಕಾಲಮ್ಮಿನಲ್ಲಿ ಅವನಿಗೂ ‘ನಿಧಾನವಾಗಿ ನಡೆ’ ಅನ್ನೋದಕ್ಕಿಂತ ಹೆಚ್ಚು ಏನೂ ಹೊಳೆಯೋದಿಲ್ಲ.